ಮಕ್ಕಳ ಬಾಯಿಯಲ್ಲಿ ಹೆಚ್ಚುವರಿ ಹಲ್ಲು, ಹುಟ್ಟದ ಹಲ್ಲು: ಎಣಿಸಿ ತಿಳಿಯಬೇಕಾದ ಸಂಗತಿಗಳು

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಶಾಲಾ ಮುಖ್ಯಗುರುಗಳು, ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಪಾಲಕರ ಮಾಹಿತಿಗಾಗಿ)

ಅಂಗನವಾಡಿ ಕೇಂದ್ರಗಳಲ್ಲಿ ಮಗುವಿನ ತೂಕ, ಎತ್ತರ ಮತ್ತು ತೋಳಿನ ಸುತ್ತಳತೆಯನ್ನು ನಿಯಮಿತವಾಗಿ ಅಳೆದು ದಾಖಲಿಸಲಾಗುತ್ತದೆ. ಹಲ್ಲುಗಳನ್ನು ಎಣಿಸುವ ರೂಢಿ ಮಾತ್ರ ಕಡಿಮೆ. ಹುಳುಕು ಹಲ್ಲು ನೋವು ಕೊಡುತ್ತದೆ. ಆದ್ದರಿಂದ ಅದು ತಾನಾಗಿಯೇ ಪಾಲಕರ ಗಮನಕ್ಕೆ ಬರುತ್ತದೆ. ಆದರೆ ಲೆಕ್ಕಕ್ಕಿಂತ ಹೆಚ್ಚಾಗಿ ಹುಟ್ಟಿದ ಹಲ್ಲಾಗಲಿ, ಹುಟ್ಟದೆಯೇ ಉಳಿದ ಹಲ್ಲಾಗಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ ಕಾರಣ ಮಗುವನ್ನು ಯಾರೂ ವೈದ್ಯರ ಬಳಿಗೆ ಕರೆದೊಯ್ಯುವುದಿಲ್ಲ. ವರ್ಷಗಳು ಕಳೆದು, ಸುಲಭದ ಚಿಕಿತ್ಸೆಯ ಕಾಲ ಮುಗಿದ ಮೇಲೆ ತೊಂದರೆ ಬೆಳಕಿಗೆ ಬರುತ್ತದೆ. ಕೆಲವು ಮಕ್ಕಳಲ್ಲಿ ಹಲ್ಲಿನ ಕೊರತೆಯು ಇಡೀ ದೇಹಕ್ಕೆ ಸಂಬಂಧಿಸಿದ ಸ್ಥಿತಿಯೊಂದರ ಸೂಚನೆಯೂ ಆಗಿರುತ್ತದೆ. ಈ ಕಾರಣದಿಂದ ಹಲ್ಲುಗಳನ್ನು ಎಣಿಸುವ ವಿಧಾನ, ಸಂಖ್ಯೆ ತಪ್ಪಿದಾಗ ಕೈಗೊಳ್ಳಬೇಕಾದ ಕ್ರಮ ಮತ್ತು ಮಾಡಬಾರದ ಕೆಲಸಗಳನ್ನು ಇಲ್ಲಿ ವಿವರಿಸಲಾಗಿದೆ.

1. ಸರಿಯಾದ ಲೆಕ್ಕ

ಮನುಷ್ಯನಿಗೆ ಎರಡು ಬಾರಿ ಹಲ್ಲು ಹುಟ್ಟುತ್ತವೆ. ಮೊದಲನೆಯವು ಹಾಲುಹಲ್ಲುಗಳು, ಅವು ಒಟ್ಟು 20. ಬಾಯಿಯನ್ನು ಮೇಲೆ-ಕೆಳಗೆ, ಎಡ-ಬಲ ಎಂದು ನಾಲ್ಕು ಭಾಗಗಳಾಗಿ ಭಾವಿಸಿದರೆ ಪ್ರತಿ ಭಾಗದಲ್ಲಿ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು, ಹೀಗೆ ಐದು ಹಲ್ಲುಗಳಿರುತ್ತವೆ. ಎರಡನೆಯವು ಶಾಶ್ವತ ಹಲ್ಲುಗಳು. ಅವು ಒಟ್ಟು 32. ಪ್ರತಿ ಭಾಗದಲ್ಲಿ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಮುಂದವಡೆ ಹಲ್ಲು ಮತ್ತು ಮೂರು ದವಡೆಹಲ್ಲು. ಇವುಗಳಲ್ಲಿ ಕೊನೆಯದೇ ಬುದ್ಧಿಹಲ್ಲು.

ಹಲ್ಲು ಹುಟ್ಟುವ ವಯಸ್ಸು ಮಗುವಿನಿಂದ ಮಗುವಿಗೆ ಕೆಲವು ತಿಂಗಳು ಹಿಂದೆ-ಮುಂದೆ ಆಗುವುದು ಸಹಜ. ಸ್ಥೂಲವಾದ ಲೆಕ್ಕ ಹೀಗಿದೆ:

• 6 ರಿಂದ 10 ತಿಂಗಳು: ಕೆಳಗಿನ ನಡುವಿನ ಎರಡು ಬಾಚಿಹಲ್ಲುಗಳು.
• ಎರಡೂವರೆ ವರ್ಷದಿಂದ 3 ವರ್ಷ: ಎಲ್ಲ 20 ಹಾಲುಹಲ್ಲುಗಳು.
• 6 ವರ್ಷದ ಆಸುಪಾಸು: ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು.
• 6 ರಿಂದ 9 ವರ್ಷ: ಮೇಲಿನ ಮತ್ತು ಕೆಳಗಿನ ಎಂಟು ಶಾಶ್ವತ ಬಾಚಿಹಲ್ಲುಗಳು.
• 9 ರಿಂದ 12 ವರ್ಷ: ಕೋರೆಹಲ್ಲುಗಳು ಮತ್ತು ಮುಂದವಡೆ ಹಲ್ಲುಗಳು.
• 12 ರಿಂದ 13 ವರ್ಷ: ಬುದ್ಧಿಹಲ್ಲುಗಳನ್ನು ಬಿಟ್ಟು ಒಟ್ಟು 28.
• 17 ವರ್ಷದ ನಂತರ: ಬುದ್ಧಿಹಲ್ಲುಗಳು. ಇವು ಹುಟ್ಟದಿದ್ದರೂ ಚಿಂತೆಯಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿಹಲ್ಲು ಇರುವುದೇ ಇಲ್ಲ.

ಮಗುವನ್ನು ಬೆಳಕಿನ ಕಡೆಗೆ ಮುಖ ಮಾಡಿ ಕೂಡಿಸಿ, ಕೈ ತೊಳೆದುಕೊಂಡು, ತುಟಿಯನ್ನು ಮೆಲ್ಲಗೆ ಸರಿಸಿ ಎಣಿಸಬೇಕು. ಬಲಗಡೆಯಿಂದ ಎಡಗಡೆಗೆ ಮೊದಲು ಮೇಲಿನ ಸಾಲು, ನಂತರ ಕೆಳಗಿನ ಸಾಲು. ಬಿದ್ದ ಹಲ್ಲು ಮತ್ತು ಕೀಳಿಸಿದ ಹಲ್ಲುಗಳ ಬಗ್ಗೆ ತಾಯಿಯನ್ನು ಕೇಳಿ ತಿಳಿಯಬೇಕು. ಬಿದ್ದ ಹಾಲುಹಲ್ಲನ್ನು ಮಾಳಿಗೆಯ ಮೇಲೆ ಎಸೆಯುವ ವಾಡಿಕೆ ನಮ್ಮ ಹಳ್ಳಿಗಳಲ್ಲಿದೆ. ಎಸೆಯುವ ದಿನವನ್ನು ಪಾಲಕರು ನೆನಪಿನಲ್ಲಿಟ್ಟರೆ ಆ ಜಾಗದಲ್ಲಿ ಹೊಸ ಹಲ್ಲು ಬರಲು ಎಷ್ಟು ಕಾಲವಾಯಿತು ಎಂಬುದು ತಿಳಿಯುತ್ತದೆ.

2. ಹೆಚ್ಚುವರಿ ಹಲ್ಲು

ಗರ್ಭದಲ್ಲಿ ಆರನೆಯ ವಾರದ ಹೊತ್ತಿಗೇ ಮಗುವಿನ ದವಡೆಯಲ್ಲಿ ಹಲ್ಲುಗಳ ಮೊಳಕೆಗೆ ಆಧಾರವಾದ ಪಟ್ಟಿಯೊಂದು ರೂಪುಗೊಳ್ಳುತ್ತದೆ. ಈ ಪಟ್ಟಿಯ ಒಂದು ಭಾಗ ಅಗತ್ಯಕ್ಕಿಂತ ಹೆಚ್ಚು ಚಟುವಟಿಕೆ ತೋರಿದಾಗ ಲೆಕ್ಕಕ್ಕೆ ಮೀರಿದ ಹಲ್ಲು ಹುಟ್ಟುತ್ತದೆ. ಹಾಲುಹಲ್ಲುಗಳಲ್ಲಿ ಇದು ಅಪರೂಪ. ಶಾಶ್ವತ ಹಲ್ಲುಗಳಲ್ಲಿ ನೂರು ಮಕ್ಕಳ ಪೈಕಿ ಒಬ್ಬರಿಂದ ಮೂವರಲ್ಲಿ ಕಂಡುಬರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು.

ಹೆಚ್ಚುವರಿ ಹಲ್ಲು ಅತಿ ಹೆಚ್ಚಾಗಿ ಹುಟ್ಟುವ ಜಾಗ ಮೇಲ್ದವಡೆಯ ಮುಂಭಾಗ, ಎರಡು ನಡು ಬಾಚಿಹಲ್ಲುಗಳ ಮಧ್ಯೆ. ಇದನ್ನು ದಂತವೈದ್ಯರು ಮೆಸಿಯೋಡೆನ್ಸ್ ಎನ್ನುತ್ತಾರೆ. ಅದು ಹೆಚ್ಚಾಗಿ ಮೊಳೆಯಂತೆ ಚೂಪಾಗಿ, ಗಿಡ್ಡವಾಗಿರುತ್ತದೆ. ಕೆಲವೊಮ್ಮೆ ಹೊರಗೆ ಕಾಣುತ್ತದೆ. ಅನೇಕ ಸಲ ಎಲುಬಿನೊಳಗೇ ಅಡಗಿರುತ್ತದೆ. ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು ತೊಂದರೆಯದು. ಅದು ನಿಜವಾದ ಬಾಚಿಹಲ್ಲಿನ ದಾರಿಗೆ ಅಡ್ಡ ನಿಂತು ಹಲ್ಲು ಹೊರಬರದಂತೆ ತಡೆಯುತ್ತದೆ, ಅಥವಾ ಅದನ್ನು ತಿರುಗಿಸಿ, ಪಕ್ಕಕ್ಕೆ ತಳ್ಳಿ ನಡುವೆ ದೊಡ್ಡ ಸಂದು ಮಾಡುತ್ತದೆ. ಒಮ್ಮೊಮ್ಮೆ ಅದರ ಸುತ್ತ ನೀರುಗುಳ್ಳೆ ಬೆಳೆಯುವುದೂ ಉಂಟು.

ಒಳಗಡಗಿದ ಹಲ್ಲನ್ನು ಹಳ್ಳಿಯಲ್ಲಿ ಕುಳಿತು ಕಂಡುಹಿಡಿಯಲು ಎಕ್ಸ್‌ರೇ ಯಂತ್ರ ಬೇಕಿಲ್ಲ, ಸಂಶಯಪಡಲು ಮೂರು ಗುರುತುಗಳು ಸಾಕು:

• ಮೇಲಿನ ನಡು ಬಾಚಿಹಲ್ಲುಗಳಲ್ಲಿ ಒಂದು ಬಂದು ಆರು ತಿಂಗಳು ಕಳೆದರೂ ಅದರ ಜೋಡಿ ಬಾರದಿರುವುದು.
• ಕೆಳಗಿನ ಶಾಶ್ವತ ಬಾಚಿಹಲ್ಲುಗಳು ಬಂದು ಒಂದು ವರ್ಷವಾದರೂ ಮೇಲಿನ ನಡು ಬಾಚಿಹಲ್ಲುಗಳು ಎರಡೂ ಬಾರದಿರುವುದು.
• ನಡು ಬಾಚಿಹಲ್ಲಿಗಿಂತ ಮೊದಲು ಅದರ ಪಕ್ಕದ ಬಾಚಿಹಲ್ಲು ಹುಟ್ಟುವುದು.

ಇವು ಮೂರೂ ಒಂದನೆಯ ತರಗತಿಯಿಂದ ನಾಲ್ಕನೆಯ ತರಗತಿಯವರೆಗಿನ ಮಕ್ಕಳಲ್ಲಿ ಕಾಣುವ ಗುರುತುಗಳು. ಶಾಲೆಗೆ ಆರೋಗ್ಯ ತಂಡ ಬರುವುದು ವರ್ಷಕ್ಕೊಮ್ಮೆ. ನಡುವಿನ ತಿಂಗಳುಗಳಲ್ಲಿ ಮಗುವಿನ ಮುಖವನ್ನು ದಿನವೂ ನೋಡುವವರು ತರಗತಿಯ ಶಿಕ್ಷಕರು. ಅಡ್ಡ ನಿಂತ ಹಲ್ಲನ್ನು ಸಕಾಲದಲ್ಲಿ ತೆಗೆದರೆ, ಜಾಗ ಸಾಕಷ್ಟಿದ್ದಲ್ಲಿ, ನಿಜವಾದ ಬಾಚಿಹಲ್ಲು ಅನೇಕ ವೇಳೆ ತಾನಾಗಿಯೇ ಇಳಿದು ಬರುತ್ತದೆ. ತಡವಾದರೆ ವಸಡು ಕೊಯ್ದು, ತಂತಿ ಕಟ್ಟಿ ಎಳೆಯುವ ದೀರ್ಘ ಚಿಕಿತ್ಸೆ ಬೇಕಾಗುತ್ತದೆ. ಪ್ರತಿ ತಿಂಗಳು ಕಲಬುರಗಿಗೆ ಹೋಗಿ ಬರುವುದೆಂದರೆ ಕೂಲಿಯ ಕುಟುಂಬವೊಂದಕ್ಕೆ ಪ್ರತಿ ಸಲವೂ ಒಂದು ದಿನದ ದುಡಿಮೆಯ ನಷ್ಟ. ಆರು ತಿಂಗಳ ಗುರುತನ್ನು ಗಮನಿಸುವುದರಿಂದ ಉಳಿಯುವುದು ಇದು.

ಎಲ್ಲ ಹೆಚ್ಚುವರಿ ಹಲ್ಲುಗಳನ್ನೂ ಕೀಳಬೇಕೆಂದಿಲ್ಲ. ಯಾವುದಕ್ಕೂ ಅಡ್ಡಿ ಮಾಡದೆ ಎಲುಬಿನಲ್ಲಿ ಆಳವಾಗಿರುವ ಹಲ್ಲನ್ನು ವೈದ್ಯರು ಹಾಗೆಯೇ ಬಿಟ್ಟು ಕಾಲಕಾಲಕ್ಕೆ ಪರೀಕ್ಷಿಸಬಹುದು. ಒಂದೇ ಬಾಯಿಯಲ್ಲಿ ಅನೇಕ ಹೆಚ್ಚುವರಿ ಹಲ್ಲುಗಳಿದ್ದರೆ ಮಾತ್ರ ದೇಹದ ಇತರ ಭಾಗಗಳನ್ನೂ ನೋಡಬೇಕಾಗುತ್ತದೆ. ಕೊರಳೆಲುಬು ಸರಿಯಾಗಿ ಬೆಳೆಯದ ಒಂದು ಹುಟ್ಟುಸ್ಥಿತಿಯಲ್ಲಿ ಮಗು ತನ್ನ ಎರಡೂ ಭುಜಗಳನ್ನು ಎದೆಯ ಮುಂದೆ ಹತ್ತಿರ ತರಬಲ್ಲದು. ಅದರ ಹಾಲುಹಲ್ಲುಗಳು ಬೀಳದೆ ಉಳಿಯುತ್ತವೆ, ಶಾಶ್ವತ ಹಲ್ಲುಗಳ ಜೊತೆ ಅನೇಕ ಹೆಚ್ಚುವರಿ ಹಲ್ಲುಗಳು ಒಳಗೆ ಸಿಕ್ಕಿಕೊಂಡಿರುತ್ತವೆ.

3. ಹುಟ್ಟುವಾಗಲೇ ಕಾಣುವ ಹಲ್ಲು

ಸುಮಾರು ಎರಡು-ಮೂರು ಸಾವಿರ ಹೆರಿಗೆಗಳಲ್ಲಿ ಒಂದು ಮಗು ಹಲ್ಲಿನೊಂದಿಗೇ ಜನಿಸುತ್ತದೆ. ಇದನ್ನು ಅಪಶಕುನವೆಂದು ತಿಳಿದು, ಹಲ್ಲನ್ನು ಕೂಡಲೇ ತೆಗೆಸಲು ಮನೆಯವರು ಆತುರಪಡುವುದುಂಟು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ನಂಬಿಕೆಯೂ ಇದೆ. ಇವಾವುದಕ್ಕೂ ಆಧಾರವಿಲ್ಲ.

ಹೀಗೆ ಕಾಣುವ ಹಲ್ಲುಗಳಲ್ಲಿ ಹತ್ತರಲ್ಲಿ ಒಂಬತ್ತು ಹೆಚ್ಚುವರಿ ಹಲ್ಲುಗಳಲ್ಲ; ಅವು ಬೇಗ ಬಂದ ನಿಜವಾದ ಹಾಲುಹಲ್ಲುಗಳು. ಕಿತ್ತರೆ ಆ ಜಾಗದಲ್ಲಿ ಶಾಶ್ವತ ಹಲ್ಲು ಬರುವವರೆಗೆ, ಅಂದರೆ ಆರೇಳು ವರ್ಷ, ಬೇರೆ ಹಲ್ಲು ಬರುವುದಿಲ್ಲ. ಹಲ್ಲು ತೀರಾ ಅಲುಗಾಡುತ್ತಿದ್ದು ಕಳಚಿ ಶ್ವಾಸನಾಳಕ್ಕೆ ಹೋಗುವ ಅಪಾಯವಿದ್ದರೆ, ಮಗುವಿನ ನಾಲಿಗೆಯ ಕೆಳಗೆ ಹುಣ್ಣಾಗಿದ್ದರೆ, ಅಥವಾ ಹಾಲೂಡಿಸಲು ಆಗದಿದ್ದರೆ ವೈದ್ಯರು ತೆಗೆಯುವ ನಿರ್ಧಾರ ಮಾಡುತ್ತಾರೆ. ನವಜಾತ ಶಿಶುವಿನಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಮೊದಲ ದಿನಗಳಲ್ಲಿ ಕಡಿಮೆಯಿರುವುದರಿಂದ ವಿಟಮಿನ್ ಕೆ ಚುಚ್ಚುಮದ್ದು ಆಗಿದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ಆ ಕೆಲಸ. ಮನೆಯಲ್ಲಿ ದಾರ ಕಟ್ಟಿ, ಉಗುರಿನಿಂದ ಒತ್ತಿ ತೆಗೆಯುವುದು ಮಗುವಿನ ಪ್ರಾಣಕ್ಕೇ ಅಪಾಯ. ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಯರು ಈ ಮಾತನ್ನು ಬಾಣಂತಿಗೆ ಮಾತ್ರವಲ್ಲದೆ ಮನೆಯ ಹಿರಿಯ ಹೆಣ್ಣುಮಕ್ಕಳಿಗೂ ತಿಳಿಸುವುದು ಅಗತ್ಯ.

4. ಹುಟ್ಟದ ಹಲ್ಲು

ಬುದ್ಧಿಹಲ್ಲನ್ನು ಬಿಟ್ಟು ಲೆಕ್ಕ ಹಾಕಿದರೆ, ನೂರು ಮಕ್ಕಳಲ್ಲಿ ಸುಮಾರು ಐದಾರು ಮಕ್ಕಳಿಗೆ ಒಂದೋ ಎರಡೋ ಶಾಶ್ವತ ಹಲ್ಲುಗಳ ಮೊಳಕೆಯೇ ಇರುವುದಿಲ್ಲ. ಹುಡುಗಿಯರಲ್ಲಿ ಇದು ತುಸು ಹೆಚ್ಚು. ಸಾಮಾನ್ಯವಾಗಿ ಇಲ್ಲದಿರುವ ಹಲ್ಲುಗಳು ಎರಡು: ಕೆಳದವಡೆಯ ಎರಡನೆಯ ಮುಂದವಡೆ ಹಲ್ಲು ಮತ್ತು ಮೇಲ್ದವಡೆಯ ಪಕ್ಕದ ಬಾಚಿಹಲ್ಲು. ಒಂದು ಕಡೆ ಪಕ್ಕದ ಬಾಚಿಹಲ್ಲು ಇಲ್ಲದೆ, ಇನ್ನೊಂದು ಕಡೆಯದು ಗೂಟದಂತೆ ಸಣ್ಣದಾಗಿರುವುದೂ ಇದೇ ಸ್ಥಿತಿಯ ಲಕ್ಷಣ. ಆರು ಅಥವಾ ಅದಕ್ಕಿಂತ ಹೆಚ್ಚು ಹಲ್ಲುಗಳ ಕೊರತೆಯಿದ್ದರೆ ಅದನ್ನು ತೀವ್ರವೆಂದು ಪರಿಗಣಿಸಿ, ಮಗುವಿನ ಪೂರ್ಣ ತಪಾಸಣೆ ಮಾಡಿಸಬೇಕು. ಹಾಲುಹಲ್ಲೇ ಇಲ್ಲದ ಜಾಗದಲ್ಲಿ ಶಾಶ್ವತ ಹಲ್ಲೂ ಇಲ್ಲದಿರುವ ಸಂಭವ ಹೆಚ್ಚು.

ಇಲ್ಲಿ ಆಗುವ ದೊಡ್ಡ ಹಾನಿ ತಿಳಿಯದೆ ಮಾಡುವ ಒಂದು ಕೆಲಸದಿಂದ. ಹನ್ನೆರಡು ವರ್ಷ ಕಳೆದರೂ ಹಾಲಿನ ದವಡೆಹಲ್ಲು ಬೀಳದೆ ಉಳಿದಿದ್ದರೆ, ಅದರಿಂದಲೇ ಹೊಸ ಹಲ್ಲು ಬರುತ್ತಿಲ್ಲ ಎಂದು ತಿಳಿದು ಅದನ್ನು ಕೀಳಿಸುತ್ತಾರೆ. ಕೆಳಗೆ ಶಾಶ್ವತ ಹಲ್ಲು ಇದ್ದರೆ ಅದು ಸರಿ. ಇಲ್ಲದಿದ್ದರೆ ಮಗುವಿಗೆ ಇದ್ದ ಒಂದೇ ಹಲ್ಲು ಹೋಯಿತು. ಉತ್ತರಾಧಿಕಾರಿ ಇಲ್ಲದ ಹಾಲುಹಲ್ಲನ್ನು ಹುಳುಕಾಗದಂತೆ ಕಾಪಾಡಿಕೊಂಡರೆ ಅದು ಇಪ್ಪತ್ತು, ಮೂವತ್ತು ವರ್ಷ ವಯಸ್ಸಿನವರೆಗೂ, ಕೆಲವರಲ್ಲಿ ಅದಕ್ಕೂ ಮೀರಿ ಜೋಳದ ರೊಟ್ಟಿ ಅಗಿಯುವ ಕೆಲಸ ಮಾಡುತ್ತದೆ. ಆದ್ದರಿಂದ ನಿಯಮ ಒಂದೇ: ಬೀಳುವ ಕಾಲ ಮೀರಿದ ಹಾಲುಹಲ್ಲನ್ನು ಎಕ್ಸ್‌ರೇ ಇಲ್ಲದೆ ಕೀಳಿಸಬಾರದು. ಎರಡನೆಯ ಮುಂದವಡೆ ಹಲ್ಲಿನ ಮೊಳಕೆ ಕೆಲವು ಮಕ್ಕಳಲ್ಲಿ ಎಂಟು-ಒಂಬತ್ತು ವರ್ಷದವರೆಗೂ ಎಕ್ಸ್‌ರೇಯಲ್ಲಿ ಕಾಣದಿರಬಹುದಾದ್ದರಿಂದ ಅವಸರದ ತೀರ್ಮಾನವೂ ಸಲ್ಲದು.

ಖಾಲಿ ಜಾಗವನ್ನು ತುಂಬಲು ತೆಗೆದು ಹಾಕುವ ಹಲ್ಲಿನ ತಟ್ಟೆ, ಪಕ್ಕದ ಹಲ್ಲುಗಳನ್ನು ಸರಿಸಿ ಜಾಗ ಮುಚ್ಚುವ ತಂತಿ ಚಿಕಿತ್ಸೆ, ಗೂಟದಂತಹ ಹಲ್ಲಿಗೆ ಆಕಾರ ಕೊಡುವ ಲೇಪ ಮುಂತಾದ ದಾರಿಗಳಿವೆ. ಎಲುಬಿಗೆ ತಿರುಪು ಕೂಡಿಸಿ ಹಲ್ಲು ನಿಲ್ಲಿಸುವ ಇಂಪ್ಲಾಂಟ್ ಚಿಕಿತ್ಸೆಯನ್ನು ಸಾಮಾನ್ಯವಾಗಿ ದವಡೆಯ ಬೆಳವಣಿಗೆ ಮುಗಿದ ಮೇಲೆಯೇ ಮಾಡಲಾಗುತ್ತದೆ. ಹದಿನಾಲ್ಕು ವರ್ಷದ ಹುಡುಗಿಯ ಮದುವೆಗೆ ಅಡ್ಡಿಯಾದೀತೆಂದು ಅವಸರದಿಂದ ದುಬಾರಿ ಚಿಕಿತ್ಸೆಗೆ ಸಾಲ ಮಾಡುವ ಪಾಲಕರಿಗೆ ಎರಡು ವಿಷಯ ತಿಳಿಸಬೇಕು: ಆ ವಯಸ್ಸಿನಲ್ಲಿ ಆ ಚಿಕಿತ್ಸೆಯೂ ತಕ್ಕುದಲ್ಲ, ಮದುವೆಯ ಮಾತೂ ಕಾನೂನಿಗೆ ಒಪ್ಪಿತವಲ್ಲ.

5. ಹಲ್ಲು, ಕೂದಲು ಮತ್ತು ಬೆವರು

ಹಲ್ಲಿನ ಕೊರತೆಯ ಜೊತೆಗೆ ಮಗುವಿನ ಕೂದಲು ವಿರಳವಾಗಿ, ತೆಳುವಾಗಿದ್ದರೆ, ಹುಬ್ಬು ಕಡಿಮೆಯಿದ್ದರೆ, ಚರ್ಮ ಒಣಗಿದ್ದರೆ ಮತ್ತು ಇರುವ ಹಲ್ಲುಗಳು ಮೊಳೆಯಂತೆ ಚೂಪಾಗಿದ್ದರೆ ಕೇಳಬೇಕಾದ ಮುಖ್ಯ ಪ್ರಶ್ನೆಯೊಂದಿದೆ: ಈ ಮಗು ಬೆವರುತ್ತದೆಯೇ?

ಹಲ್ಲು, ಕೂದಲು, ಉಗುರು ಮತ್ತು ಬೆವರುಗ್ರಂಥಿಗಳು ಗರ್ಭದಲ್ಲಿ ಹೊರಪದರದ ಸಹಭಾಗದಿಂದ ರೂಪುಗೊಳ್ಳುತ್ತವೆ. ಆ ಪದರದ ಬೆಳವಣಿಗೆಯಲ್ಲಿ ದೋಷವಾದರೆ ಇವೆಲ್ಲವೂ ಒಟ್ಟಿಗೆ ಕುಂಠಿತವಾಗುತ್ತವೆ. ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಎಂಬ ಈ ಸ್ಥಿತಿ ಭಾರತದಲ್ಲಿ ಹೊಸದಾಗಿ ಕಂಡದ್ದಲ್ಲ. ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದ ವಿವರವನ್ನು ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಪ್ರಕಟವಾದ ತನ್ನ ಗ್ರಂಥದ ಪರಿಷ್ಕೃತ ಆವೃತ್ತಿಯಲ್ಲಿ ದಾಖಲಿಸಿದ್ದಾನೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಸಣ್ಣ ಬಾಚಿಹಲ್ಲುಗಳು ಮತ್ತು ಎಂಟು ಹಿಂದಿನ ದವಡೆಹಲ್ಲುಗಳಷ್ಟೇ ಇದ್ದವು. ಮೈಮೇಲೆ ಕೂದಲು ಕಡಿಮೆ. ಬೇಸಿಗೆಯಲ್ಲಿ ಚರ್ಮದ ಶುಷ್ಕತೆಯಿಂದ ಅವರು ಬಹಳ ಬಳಲುತ್ತಿದ್ದರು. ಆ ಮನೆಯ ಹೆಣ್ಣುಮಕ್ಕಳಲ್ಲಿ ಈ ತೊಂದರೆ ಕಾಣಿಸಿರಲಿಲ್ಲ. ಆದರೆ ಅವರ ಗಂಡುಮಕ್ಕಳಿಗೆ ಅದು ದಾಟುತ್ತಿತ್ತು.

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳುಗಳ ತಾಪಮಾನ 40 ಡಿಗ್ರಿಯನ್ನು ದಾಟುವುದು ವಾಡಿಕೆ. ಬೆವರದ ಮಗುವಿಗೆ ಈ ಬಿಸಿಲು ನೇರವಾದ ಅಪಾಯ. ಅದರ ಮೈ ಬಿಸಿಯಾಗುತ್ತದೆ. ಮನೆಯವರು ಜ್ವರವೆಂದು ತಿಳಿಯುತ್ತಾರೆ. ಬಿಸಿಲಿನಿಂದ ಏರಿದ ಮೈಬಿಸಿ ಜ್ವರದ ಔಷಧಿಯಿಂದ ಇಳಿಯುವಂತಹುದಲ್ಲ. ನೆರಳು, ಕುಡಿಯಲು ನೀರು, ಒದ್ದೆ ಬಟ್ಟೆ ಮತ್ತು ಗಾಳಿಯೇ ಮೊದಲ ಉಪಚಾರ; ಮಗು ಮಂಕಾದರೆ ಅಥವಾ ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆ. ಹಲ್ಲು ಕಡಿಮೆಯಿರುವ, ಬೇಸಿಗೆಯಲ್ಲಿ ಪದೇಪದೇ ಜ್ವರ ಬರುವ ಮಗುವನ್ನು ಹೊಲಕ್ಕೆ, ಕಬ್ಬು ಕಡಿಯುವ ಜಾಗಕ್ಕೆ ಅಥವಾ ಇಟ್ಟಿಗೆ ಭಟ್ಟಿಯ ಬಳಿಗೆ ಕರೆದೊಯ್ಯುವ ಮೊದಲು ವೈದ್ಯರಿಗೆ ತೋರಿಸುವುದು ಅತ್ಯವಶ್ಯ. ಇಂತಹ ಮಕ್ಕಳಿಗೆ ಮೂರು-ನಾಲ್ಕು ವರ್ಷದಿಂದಲೇ ಕಟ್ಟುಹಲ್ಲು ಮಾಡಿಕೊಡಬಹುದು. ಊಟ, ಉಚ್ಚಾರ ಎರಡಕ್ಕೂ ಅದರಿಂದ ನೆರವಾಗುತ್ತದೆ.

ಈ ಸ್ಥಿತಿಯ ಸಾಮಾನ್ಯ ಬಗೆ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಆದ್ದರಿಂದ ಮಗುವಿನ ಸೋದರಮಾವನಿಗೂ ಹಲ್ಲು ಕಡಿಮೆಯಿದೆಯೇ, ಆತನೂ ಬಿಸಿಲು ತಾಳಲಾರನೇ ಎಂದು ವಿಚಾರಿಸಬೇಕು. ಮಗುವಿನ ಹಲ್ಲು ಸೋದರಮಾವನಿಗೆ ಕೇಡು ತರುವುದಿಲ್ಲ; ಸೋದರಮಾವನ ಹಲ್ಲು ಮಾತ್ರ ಮಗುವಿನ ವಿಷಯದಲ್ಲಿ ವೈದ್ಯರಿಗೆ ಉಪಯುಕ್ತ ಮಾಹಿತಿ ಕೊಡುತ್ತದೆ. ಇಂತಹ ಮನೆತನಗಳಲ್ಲಿ ಸೋದರಮಾವ-ಅಕ್ಕನ ಮಗಳ ಮದುವೆ ನಡೆದರೆ ಹೆಣ್ಣುಮಕ್ಕಳಲ್ಲಿಯೂ ಪೂರ್ಣ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಸಂಬಂಧ ಕೂಡಿಸುವ ಮೊದಲು ವೈದ್ಯರ ಸಲಹೆ ಪಡೆಯುವುದು ಒಳಿತು.

6. ಗೊಂದಲಕ್ಕೆ ಎಡೆಮಾಡುವ ಸಂಗತಿಗಳು

ಫ್ಲೋರೈಡ್: ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ, ಬೆಳೆಯುವ ಮಕ್ಕಳ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಕಲೆಗಳು ಮೂಡುವ ಸಂಭವ ಹೆಚ್ಚು. ಇದು ಹಲ್ಲಿನ ಬಣ್ಣ ಮತ್ತು ಮೇಲ್ಮೈಯನ್ನು ಕೆಡಿಸುತ್ತದೆ, ಸಂಖ್ಯೆಯನ್ನಲ್ಲ.

ಜೋಡಿ ಹಲ್ಲು: ಎರಡು ಹಲ್ಲುಗಳು ಅಂಟಿಕೊಂಡು ಒಂದೇ ಅಗಲವಾದ ಹಲ್ಲಾಗಿ ಕಾಣುವುದುಂಟು. ಎಣಿಸುವಾಗ ಒಂದು ಕಡಿಮೆ ಬಂದರೆ ಇದನ್ನು ಪರಿಶೀಲಿಸಬೇಕು.

ಎರಡು ಸಾಲು: ಆರು-ಏಳು ವರ್ಷದಲ್ಲಿ ಕೆಳಗಿನ ಹಾಲುಹಲ್ಲು ಬೀಳುವ ಮೊದಲೇ ಹಿಂದೆ ಹೊಸ ಹಲ್ಲು ಕಾಣಿಸಿದರೆ ಅದು ಹೆಚ್ಚುವರಿ ಹಲ್ಲಲ್ಲ. ಹಾಲುಹಲ್ಲು ಬಿದ್ದ ಮೇಲೆ ನಾಲಿಗೆಯ ಒತ್ತಡದಿಂದ ಹೊಸ ಹಲ್ಲು ಸಾಮಾನ್ಯವಾಗಿ ಮುಂದಕ್ಕೆ ಬರುತ್ತದೆ.

ತಡವಾದ ಹಲ್ಲು: ತೀವ್ರ ಅಪೌಷ್ಟಿಕತೆ ಮತ್ತು ಥೈರಾಯ್ಡ್ ಕೊರತೆಯಲ್ಲಿ ಹಲ್ಲು ತಡವಾಗಿ ಬರುತ್ತವೆ. ಹದಿಮೂರು ತಿಂಗಳು ತುಂಬಿದರೂ ಒಂದು ಹಲ್ಲೂ ಕಾಣದ ಮಗುವನ್ನು ವೈದ್ಯರಿಗೆ ತೋರಿಸಬೇಕು.

ಸೀಳುತುಟಿ ಮತ್ತು ಸೀಳು ಅಂಗುಳ: ಸೀಳಿನ ಪಕ್ಕದ ಬಾಚಿಹಲ್ಲು ಇಲ್ಲದಿರುವುದು ಅಥವಾ ಹೆಚ್ಚಾಗಿ ಹುಟ್ಟುವುದು ಸಾಮಾನ್ಯ. ತುಟಿಯ ಶಸ್ತ್ರಚಿಕಿತ್ಸೆಯ ನಂತರವೂ ಹಲ್ಲಿನ ತಪಾಸಣೆ ಮುಂದುವರಿಯಬೇಕು.

7. ತಾಯಿಯ ತಪ್ಪಲ್ಲ

ಹಲ್ಲಿನ ಸಂಖ್ಯೆಯನ್ನು ಹೆಚ್ಚಾಗಿ ನಿರ್ಧರಿಸುವುದು ವಂಶವಾಹಿಗಳು. ಗ್ರಹಣದ ದಿನ ಗರ್ಭಿಣಿ ಹೊರಗೆ ಬಂದಳು, ಮಾಡಬಾರದ್ದನ್ನು ಮಾಡಿದಳು, ತಿನ್ನಬಾರದ್ದನ್ನು ತಿಂದಳು ಎಂಬ ಮಾತುಗಳಿಗೆ ವಿಜ್ಞಾನದಲ್ಲಿ ಆಧಾರವಿಲ್ಲ. ಇಂತಹ ಮಾತುಗಳಿಂದ ತಾಯಿ ಮಗುವಿನ ಬಾಯಿಯನ್ನು ಮರೆಮಾಚುತ್ತಾಳೆ; ಚಿಕಿತ್ಸೆ ತಡವಾಗುತ್ತದೆ. ಶಾಲೆಯಲ್ಲಿ ಅಡ್ಡಹೆಸರಿನಿಂದ ಕರೆಯಿಸಿಕೊಂಡ ಮಗು ನಗುವುದನ್ನು, ಗಟ್ಟಿಯಾಗಿ ಓದುವುದನ್ನು ಬಿಡುತ್ತದೆ. ಅಡ್ಡಹೆಸರನ್ನು ತಡೆಯುವುದೂ ಶಿಕ್ಷಕರ ಕರ್ತವ್ಯವೇ.

8. ತಪಾಸಣೆ ಮತ್ತು ಚಿಕಿತ್ಸೆಯ ದಾರಿ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಸಂಚಾರಿ ಆರೋಗ್ಯ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಬಾರಿ ಭೇಟಿ ನೀಡುತ್ತದೆ. ಪರೀಕ್ಷಿಸುವ ಸ್ಥಿತಿಗಳಲ್ಲಿ ಸೀಳುತುಟಿ, ಸೀಳು ಅಂಗುಳ ಮತ್ತು ಹಲ್ಲಿನ ತೊಂದರೆಗಳೂ ಸೇರಿವೆ. ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಗತ್ಯವಿದ್ದರೆ ಕಲಬುರಗಿ, ಇದು ಕ್ರಮ. ಕಲಬುರಗಿ ನಗರದಲ್ಲಿ ಗುಲಬರ್ಗಾ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯೂ, ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆ ಮತ್ತು ಅಲ್-ಬದರ್ ಗ್ರಾಮೀಣ ದಂತ ಮಹಾವಿದ್ಯಾಲಯಗಳೂ ಇವೆ. ಆಳಂದ ಮತ್ತು ಜೇವರ್ಗಿ ಪಟ್ಟಣಗಳಿಂದ ಕಲಬುರಗಿ ಸುಮಾರು 40 ಕಿ.ಮೀ.; ಅಫಜಲಪುರದಿಂದ ಇನ್ನೂ ದೂರ. ಆದ್ದರಿಂದ ಪ್ರಯಾಣಕ್ಕೆ ಮೊದಲು ಶಿಫಾರಸು ಪತ್ರ, ಮಗುವಿನ ವಯಸ್ಸಿನ ದಾಖಲೆ ಮತ್ತು ಹಿಂದಿನ ಎಕ್ಸ್‌ರೇ ಜೊತೆಗಿರುವಂತೆ ನೋಡಿಕೊಂಡರೆ ಒಂದು ಸುತ್ತು ಉಳಿಯುತ್ತದೆ.

9. ಯಾರು ಏನು ಮಾಡಬಹುದು

• ಆಶಾ ಕಾರ್ಯಕರ್ತೆಯರು: ನವಜಾತ ಶಿಶುವಿನ ಬಾಯಿಯನ್ನು ಮೊದಲ ಭೇಟಿಯಲ್ಲಿಯೇ ನೋಡುವುದು, ಹುಟ್ಟುಹಲ್ಲಿದ್ದರೆ ಕೀಳದಂತೆ ತಿಳಿಸಿ, ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು.
• ಅಂಗನವಾಡಿ ಕಾರ್ಯಕರ್ತೆಯರು: ಮೂರು ವರ್ಷ ತುಂಬಿದ ಪ್ರತಿ ಮಗುವಿನ ಹಲ್ಲು ಎಣಿಸಿ, 20ಕ್ಕಿಂತ ಹೆಚ್ಚು-ಕಡಿಮೆ ಇದ್ದರೆ ಬರೆದಿಟ್ಟು, ಸಂಚಾರಿ ತಂಡಕ್ಕೆ ತೋರಿಸುವುದು.
• ಶಿಕ್ಷಕರು: ಒಂದರಿಂದ ನಾಲ್ಕನೆಯ ತರಗತಿಯಲ್ಲಿ ಮೇಲಿನ ಬಾಚಿಹಲ್ಲುಗಳ ಮೂರು ಗುರುತುಗಳನ್ನು, ಏಳನೆಯ ತರಗತಿಯಲ್ಲಿ 28ರ ಲೆಕ್ಕವನ್ನು ಗಮನಿಸುವುದು.
• ಗ್ರಾಮ ಪಂಚಾಯಿತಿ ಸದಸ್ಯರು: ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳು ತಪಾಸಣೆಯಿಂದ ತಪ್ಪಿಹೋಗುತ್ತಾರೆ, ಅವರು ಊರಿಗೆ ಮರಳಿದಾಗ ಆರೋಗ್ಯ ಕೇಂದ್ರಕ್ಕೆ ಮಾಹಿತಿ ಕೊಡುವುದು.
• ಪಾಲಕರು: ಎಕ್ಸ್‌ರೇ ಆಗದೆ ಹಾಲುಹಲ್ಲು ಕೀಳಿಸದಿರುವುದು, ಮನೆಯಲ್ಲಿ ಯಾರಿಗಾದರೂ ಹಲ್ಲು ಕಡಿಮೆಯಿದ್ದರೆ ವೈದ್ಯರಿಂದ ಮರೆಮಾಚದಿರುವುದು.

ಇನ್ನೂರು ಮಕ್ಕಳಿರುವ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಮೇಲಿನ ಸರಾಸರಿಯಂತೆ, ಹತ್ತು-ಹನ್ನೆರಡು ಮಕ್ಕಳಿಗೆ ಯಾವುದೋ ಒಂದು ಶಾಶ್ವತ ಹಲ್ಲು ಇಲ್ಲದಿರಬಹುದು. ಎರಡರಿಂದ ಆರು ಮಕ್ಕಳಿಗೆ ಹೆಚ್ಚುವರಿ ಹಲ್ಲು ಇರಬಹುದು. ಅವರಲ್ಲಿ ಬಹುತೇಕರಿಗೆ ಬೇಕಾಗಿರುವುದು ಸರಿಯಾದ ವಯಸ್ಸಿನಲ್ಲಿ ಒಂದು ಎಕ್ಸ್‌ರೇ ಮತ್ತು ವೈದ್ಯರ ಒಂದು ಸಲಹೆ. ಒಂದು ಮಗುವಿನ ಹಲ್ಲು ಎಣಿಸಲು ಎರಡು ನಿಮಿಷ ಸಾಕು. ಶಾಲಾ ಆರೋಗ್ಯ ತಪಾಸಣೆಯ ಮುಂಚಿನ ವಾರದಲ್ಲಿ ಈ ಕೆಲಸ ಮುಗಿದಿದ್ದರೆ, ಸಂಚಾರಿ ತಂಡದ ವೈದ್ಯರು ಯಾವ ಮಕ್ಕಳನ್ನು ಮೊದಲು ನೋಡಬೇಕೆಂಬುದು ಅವರು ಬರುವ ಹೊತ್ತಿಗೇ ಸಿದ್ಧವಾಗಿರುತ್ತದೆ.